ಅತ್ತೆಯ ಮನೆಯ ಜಪಾನಿನವಳು

ಆಳಂದದಲ್ಲಿ ನಮ್ಮ ಸೋದರತ್ತೆಗೆ ಹೆದರುವವರು ಯಾರೂ ಇಲ್ಲ. ಹೆದರುವುದೆಲ್ಲ ಅವರ ಮನೆಯಲ್ಲಿರುವ ಜಪಾನಿನವಳಿಗೆ.

ಅವಳು ಬಂದದ್ದು ಅತ್ತೆ ಓದುತ್ತಿದ್ದ ಒಂದು ದಪ್ಪ ಕಾದಂಬರಿಯಿಂದ. ಹಳೆಯ ಕಾಲದ ಜಪಾನು. ಬೆಸ್ತರ ಹುಡುಗಿಯೊಬ್ಬಳನ್ನು ಊರು ಬಿಡಿಸಿ ಗೇಶಾಗಳ ಮನೆಗೆ ಒಯ್ದು, ಹಾಡು ಕುಣಿತ ಕಲಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿದು ಗಿರಾಕಿಗಳ ಮುಂದೆ ಕೂರಿಸುವ ಕಥೆ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ಒಂಟಿಯಾಗಿರುವ ಅತ್ತೆ ಎರಡು ತಟ್ಟೆ ಬಡಿಸತೊಡಗಿದ್ದರು.

"ಜಪಾನಿನಾಕಿಗೆ ಜ್ವಾಳದ ರೊಟ್ಟಿ ಸೇರ್ತದೇನ್ರಿ ಅತ್ತಿ?" ಎಂದು ಕೆಣಕಿದೆ.

"ಹಸದಾಕಿಗೆ ಯಾವ ಊರಾದ್ರೇನೋ."

ಒಂದು ಮಧ್ಯಾಹ್ನ ತೊಗರಿ ವ್ಯಾಪಾರಿಯೊಬ್ಬ ಕಿಟಕಿಯಲ್ಲಿ ಇಣುಕಿದ. ಒಳಗೆ ಸುಣ್ಣದಂಥ ಮುಖ, ಚುಕ್ಕೆಯಷ್ಟು ಕೆಂಪು ತುಟಿ, ಮಿಟುಕದ ಕಣ್ಣು. ಅತ್ತೆ ಅಕ್ಕಿಹಿಟ್ಟು ಬಳಿದುಕೊಂಡಿದ್ದರು, ಅಷ್ಟೇ. "ಬಣ್ಣದ ಒಳಗಿನಾಕಿ ಹೆಂಗ ಉಸರಾಡ್ತಾಳ ನೋಡಬೇಕಿತ್ತು," ಎಂದರು ಆಮೇಲೆ. ವ್ಯಾಪಾರಿಯ ಚಪ್ಪಲಿ ಇವತ್ತಿಗೂ ಅಂಗಳದಲ್ಲೇ ಇದೆ. ಒಯ್ಯಲು ಬರುವ ಧೈರ್ಯ ಯಾರಿಗಿದೆ?

ನಾನೂ ನಗುತ್ತಿದ್ದೆ, ಆ ಒಂದು ದಿನದವರೆಗೆ. ಬಿಸಿಲಿಗೆ ಬೀದಿಯೆಲ್ಲ ಮಲಗಿತ್ತು. ಅಡುಗೆಮನೆಯಿಂದ ಹೆಂಗಸಿನ ಹಾಡು ಕೇಳುತ್ತಿತ್ತು. ಅತ್ತೆಯೋ ನನ್ನೆದುರೇ ಬಾಯಿ ಮುಚ್ಚಿ ಕೂತಿದ್ದರು.

"ಯಾರ್ರಿ ಒಳಗ?" ಎಂದೆ. ಹಾಡು ನಿಂತಿತು.

"ನಿನಗೂ ಕೇಳಿಸ್ತೇನೋ?" ಅತ್ತೆ ನನ್ನ ಕೈ ಹಿಡಿದುಕೊಂಡರು. "ಅದು ನಮ್ಮಕ್ಕನ ಹಾಡು."

ಅವರಿಗೊಬ್ಬ ಅಕ್ಕ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲೇ ಅವಳನ್ನು ತಮಾಷಾ ಮೇಳದವರು ಸೊಲ್ಲಾಪುರದ ಕಡೆ ಕುಣಿಸಲು ಒಯ್ದರಂತೆ. ಕೊಟ್ಟವರು ನಮ್ಮ ಅಜ್ಜನೇ. ಅಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ.

"ಈಗ ಮಣ್ಣೂರಾಗ ಅದಾಳಂತ. ಯಾವ ಮಾರಿ ಇಟ್ಕೊಂಡು ಹೋಗ್ಲಿ?" ಎಂದರು ಅತ್ತೆ.

ಮರುದಿನ ಅಫಜಲಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಭೀಮೆಯ ದಂಡೆಯ ಮೇಲೆ ಒಂದೇ ಕೋಣೆಯ ಮನೆ. ಒಳಗೆ ಕಣ್ಣು ಕಾಣದ ಮುದುಕಿ. ಜಪಾನಿನವರ ಜೊತೆಗೂ ಹರಟುವ ನಮ್ಮ ಅತ್ತೆ ಮೂಕರಾಗಿ ಪಕ್ಕದಲ್ಲಿ ಕೂತರು. ಮುದುಕಿ ಅವರ ಮುಖವನ್ನೆಲ್ಲ ಬೆರಳಿನಿಂದ ತಡವಿದಳು. ಕಿವಿಯ ಹಿಂದೆ ಚಿಕ್ಕಂದಿನ ಗಾಯದ ಕಲೆಯ ಹತ್ತಿರ ಬೆರಳು ನಿಂತಿತು.

"ಅವ್ವನೂ ಬಂದಾಳೇನ ತಂಗಿ?"

ಅಜ್ಜಿ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಅತ್ತೆ ಬಾಗಿಲ ಕಡೆ ನೋಡಿ ಹೇಳಿದರು: "ಬಂದಾಳಕ್ಕ. ಬಾಗಿಲಾಗ ನಿಂತಾಳ. ಒಳಗ ಬರಾಕ ಅಂಜಾಕತ್ತಾಳ."

ಮುದುಕಿ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು. "ಅಂಜಬ್ಯಾಡ. ಬಾ ಬೇ ಯವ್ವಾ."

ಬಾಗಿಲಲ್ಲಿದ್ದದ್ದು ನಾನೊಬ್ಬನೇ. ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.