ತುಕ್ಕು ತೆಗೆದ ತಪ್ಪಿಗೆ

ಟೀಚರಮ್ಮ: ರೀ, ನಿಜ ಹೇಳಿ. ನನ್ನ ಮೊಳೆಗಳನ್ನ ಉಜ್ಜಿಬಿಟ್ರಾ?

ಬೀಗದಣ್ಣ: ಉಜ್ಜೋದೇನು, ಎಣ್ಣೆ ಕೂಡ ಹಚ್ಚಿದ್ದೀನಿ. ಹೇಗೆ ಹೊಳೀತಿವೆ ನೋಡು!

ಬೀದಿಯವರೆಲ್ಲ ಬೀಗದಣ್ಣ ಎಂದೇ ಕರೆಯುವ ಈ ಮನುಷ್ಯನದು ಬೀಗ ರಿಪೇರಿಯ ಕಸುಬು. ತುಕ್ಕು ಕಂಡರೆ ಅವನ ಕೈ ಸುಮ್ಮನಿರದು. ಸಂಜೆ ಅಂಗಡಿಯಿಂದ ಬಂದವನಿಗೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ಲೋಟ, ಅದರ ಕೆಂಚು ನೀರಿನಲ್ಲಿ ಮುಳುಗಿದ್ದ ಮೊಳೆಗಳು ಕಂಡವು. ಉಜ್ಜಿಟ್ಟರೆ ಹೆಂಡತಿಯ ಬಾಯಿಂದ ಒಂದು ಒಳ್ಳೆಯ ಮಾತಾದರೂ ಬಂದೀತು ಎಂದು ಪಾಪ, ಆಸೆಪಟ್ಟಿದ್ದ. ಹೆಂಡತಿ ಶಾಲೆಯಲ್ಲಿ ವಿಜ್ಞಾನದ ಟೀಚರು.

ಟೀಚರಮ್ಮ: ನಾಳೆ ಬೆಳಿಗ್ಗೆ ನನ್ನ ಮಾದರಿ ಪಾಠ ರೀ! ಇಷ್ಟು ವರ್ಷಕ್ಕೆ ಮೊದಲ ಸಲ ನನ್ನನ್ನ ಆರಿಸಿದ್ದಾರೆ. ಬೇರೆ ಬೇರೆ ಶಾಲೆಯ ಟೀಚರ್‌ಗಳು ಬಂದು ಹಿಂದಿನ ಬೆಂಚಲ್ಲಿ ಸಾಲಾಗಿ ಕೂತ್ಕೋತಾರೆ. ಆ ತುಕ್ಕನ್ನ ಮಗು ಸಾಕಿದ ಹಾಗೆ ಸಾಕಿದ್ದೆ!

ಬೀಗದಣ್ಣ: ತುಕ್ಕನ್ನ ಯಾರಾದ್ರೂ ಸಾಕ್ತಾರೇನೆ? ಜನ ಅದನ್ನ ತೆಗೆಸೋಕೆ ಅಂತಾನೇ ನನ್ನ ಹತ್ರ ಬರ್ತಾರೆ.

ಟೀಚರಮ್ಮ: ಪಕ್ಕದಲ್ಲಿದ್ದ ತಟ್ಟೆ ಎಲ್ಲಿ?

ಬೀಗದಣ್ಣ: ಬಿಳಿ ಬಿಳಿ ಕಲೆ ಕಟ್ಟಿತ್ತಲ್ಲ, ಅದಾ? ಚೆನ್ನಾಗಿ ತೊಳೆದಿಟ್ಟಿದ್ದೀನಿ.

ಟೀಚರಮ್ಮ: ಅದು ಕಲೆ ಅಲ್ಲ, ಉಪ್ಪು! ಉಪ್ಪುನೀರು ಬಿಸಿಲಲ್ಲಿ ಆರಿ ಉಳಿದಿದ್ದ ಉಪ್ಪು!

ಅವಳು ಹೆಗಲ ಚೀಲವನ್ನೂ ಇಳಿಸದೆ ಸ್ಟೂಲಿನ ಮೇಲೆ ಕುಸಿದಳು. ಬೀಗದಣ್ಣ ಒಂದು ಮೊಳೆಯನ್ನೆತ್ತಿ ಅಂಗಿಯ ತುದಿಯಿಂದ ಇನ್ನಷ್ಟು ಒರೆಸಿದ. ಆಮೇಲೆ ಅದೂ ತಪ್ಪೇನೋ ಎನಿಸಿ ಕೆಳಗಿಟ್ಟ.

ಟೀಚರಮ್ಮ: ಹೋಗ್ಲಿ, ಉಪ್ಪಿನದು ಪರವಾಗಿಲ್ಲ. ಕರಗಿದ್ರೂ ಉಪ್ಪು ಉಪ್ಪೇ. ಈಗ ಒಂದು ಚಮಚ ಕರಗಿಸಿ ಒಲೆ ಮೇಲಿಟ್ಟು ನೀರು ಆರಿಸಿದ್ರೆ ಮತ್ತೆ ಸಿಗುತ್ತೆ. ಅದು ಭೌತ ಬದಲಾವಣೆ.

ಬೀಗದಣ್ಣ: ನೋಡಿದ್ಯಾ! ಸುಮ್ನೆ ಗಾಬರಿ ಆಗ್ತೀಯ. ತುಕ್ಕೂ ಸಿಗುತ್ತೆ. ಉಜ್ಜಿದ ಪುಡಿ ಎಲ್ಲೂ ಹೋಗಿಲ್ಲ, ಪೇಪರ್ ಮೇಲೇ ಇದೆ. ಸ್ವಲ್ಪ ಅಂಟು ಕೊಡು, ವಾಪಸ್ ಹಚ್ಚಿಕೊಡ್ತೀನಿ.

ಟೀಚರಮ್ಮ: ತುಕ್ಕನ್ನ ಅಂಟಿಸ್ತೀರಾ?

ಬೀಗದಣ್ಣ: ಗೊತ್ತೇ ಆಗಲ್ಲ ಕಣೆ. ನನ್ನ ಕೈಕೆಲಸ ನಿನಗೆ ಗೊತ್ತಿಲ್ವಾ?

ಟೀಚರಮ್ಮ: ಅದೇನು ಮೇಲೆ ಬಳಿದ ಬಣ್ಣ ಅಂದ್ಕೊಂಡ್ರಾ? ಕಬ್ಬಿಣ, ನೀರು, ಗಾಳಿಯಲ್ಲಿರೋ ಆಮ್ಲಜನಕ ಮೂರೂ ಸೇರಿ ಬೇರೆ ವಸ್ತುನೇ ಆಗಿರೋದು! ನೀವು ಉಜ್ಜಿ ತೆಗೆದಿದ್ದು ಕೊಳೆ ಅಲ್ಲ, ಮೊಳೆಯ ಮೈಯೇ. ಅದು ರಾಸಾಯನಿಕ ಬದಲಾವಣೆ. ಆ ಪುಡಿನ ಏನು ಉಜ್ಜಿದ್ರೂ ಹಳೇ ಕಬ್ಬಿಣ ಆಗಲ್ಲ.

ಬೀಗದಣ್ಣ: ಸರಿ, ಮತ್ತೆ ನೀರಲ್ಲಿ ಹಾಕೋಣ. ಬೆಳಗಾಗೋದ್ರೊಳಗೆ ಒಂಚೂರಾದ್ರೂ...

ಟೀಚರಮ್ಮ: ಎಣ್ಣೆ ಹಚ್ಚಿದ್ದೀರಲ್ಲ! ಎಣ್ಣೆ ಇದ್ರೆ ನೀರು, ಗಾಳಿ ಯಾವುದೂ ತಾಗಲ್ಲ. ಎಲ್ಲಿಂದ ತುಕ್ಕು ಹಿಡೀಬೇಕು?

ಬೀಗದಣ್ಣ: ಅದಕ್ಕೇ ತಾನೇ ಹಚ್ಚೋದು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಟೀಚರಮ್ಮನ ಕಣ್ಣಲ್ಲಿ ನೀರಾಡಿತು. ಅವಳು ಬೈದರೆ ಅವನು ಎಷ್ಟು ಹೊತ್ತಾದರೂ ತಡೆದುಕೊಳ್ಳಬಲ್ಲ. ಕಣ್ಣೀರು ಕಂಡರೆ ಮಾತ್ರ ಅವನ ಕೈಕಾಲು ಆಡುವುದಿಲ್ಲ.

ಟೀಚರಮ್ಮ: ಉಜ್ಜೋಕೆ ಮನೇಲಿ ಬೇರೇನೂ ಕಾಣಲಿಲ್ವಾ ನಿಮಗೆ? ಹಿತ್ತಲ ಬಾಗಿಲ ಬೀಗ ರಿಪೇರಿ ಮಾಡಿ ಅಂತ ಹೋದ ವರ್ಷದಿಂದ ಬಡ್ಕೊಳ್ತಿದ್ದೀನಿ. ಊರಿನ ಬೀಗಕ್ಕೆಲ್ಲ ನೀವು ಬೇಕು, ನಮ್ಮನೆ ಬೀಗ ಮಾತ್ರ ತುಕ್ಕು ಹಿಡಿದು ಬಾಯಿ ಬಿಟ್ಕೊಂಡೇ ನೇತಾಡ್ತಿದೆ...

ಮಾತು ಅಲ್ಲೇ ನಿಂತಿತು. ಇಬ್ಬರೂ ಹಿತ್ತಲ ಬಾಗಿಲ ಕಡೆ ತಿರುಗಿದರು. ಬೀಗದಣ್ಣ ಗಬಕ್ಕನೆ ಮರಳು ಕಾಗದ ಕೈಗೆತ್ತಿಕೊಂಡ.

ಬೀಗದಣ್ಣ: ಅಳಬೇಡ, ಈಗಲೇ ಮಾಡಿಕೊಡ್ತೀನಿ.

ಟೀಚರಮ್ಮ: ಮುಟ್ಟಿದ್ರೆ ನೋಡಿ!

ಅವನಿಗಿಂತ ಮೊದಲೇ ಓಡಿ, ಬೀಗವನ್ನು ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದಳು. ಅಂಗೈ ತುಂಬ ಕೆಂಪು ಪುಡಿ. ಮುಖ ಮಾತ್ರ ಹಬ್ಬದಂತೆ ಅರಳಿತ್ತು.

ಟೀಚರಮ್ಮ: ಅಬ್ಬಾ, ಎಂಥಾ ತುಕ್ಕು ರೀ! ಪದರ ಪದರವಾಗಿ ಏಳ್ತಿದೆ. ಪಕ್ಕಕ್ಕೆ ನಿಮ್ಮ ಹೊಳೆಯೋ ಮೊಳೆ ಇಟ್ರೆ ಹಿಂದಿನ ಬೆಂಚಿಗೂ ವ್ಯತ್ಯಾಸ ಕಾಣುತ್ತೆ.

ಬೀಗದಣ್ಣ: ಮತ್ತೆ? ಸೋಮಾರಿತನದಿಂದ ಬಿಟ್ಟಿದ್ದೆ ಅಂದ್ಕೊಂಡ್ಯಾ? ಸಾಕ್ತಿದ್ದೆ.

ಟೀಚರಮ್ಮ: ಸಾಕಿದ್ದು ಸಾಕು. ಪಾಠ ಮುಗಿಸಿ ವಾಪಸ್ ತರ್ತೀನಿ. ನಾಳೆ ಸಂಜೆ ಇದು ರಿಪೇರಿ ಆಗಿರ್ಬೇಕು.

ಬೀಗದಣ್ಣ: ಅದೆಲ್ಲಿ ಆಗುತ್ತೆ? ರಾಸಾಯನಿಕ ಬದಲಾವಣೆ ಅಲ್ವಾ! ಏನು ಉಜ್ಜಿದ್ರೂ ಹಳೇ ಕಬ್ಬಿಣ ಆಗಲ್ಲ ಅಂತ ಟೀಚರಮ್ಮನೇ ಹೇಳಿದ್ದಾರೆ.