ರೊಟ್ಟಿಗೆ ಎರಡನೆಯ ಸಾಕ್ಷಿ

ಕಳೆದ ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ತಾಂಜಾನಿಯಾದ ಹಳ್ಳಿಯೊಂದರ ಪ್ರೌಢಶಾಲೆಯಿಂದ ಇಂಡಿ ಪಟ್ಟಣದ ನಮ್ಮ ಮನೆಗೆ ವಿಡಿಯೊ ಕರೆ ಹೋಯಿತು. ಕರೆ ಮಾಡಿದವರು ಅಲ್ಲಿನ ವಿದ್ಯಾರ್ಥಿಗಳು. ಉದ್ದೇಶ, ನಾನು ನೀಡಿದ ಹೇಳಿಕೆಯೊಂದರ ಪರಿಶೀಲನೆ. ಸಾಕ್ಷಿ, ನನ್ನ ಹೆಂಡತಿ ಸುಧಾ. ಆಕೆಗೆ ಕನ್ನಡ, ಮರಾಠಿ ಬಿಟ್ಟು ಬೇರೆ ಭಾಷೆ ಬಾರದ್ದರಿಂದ ಹುಡುಗರ ಇಂಗ್ಲಿಷಿಗೆ ದುಭಾಷಿಯೂ ನಾನೇ.

ಹಿನ್ನೆಲೆ ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಸುದ್ದಿಪುಟವನ್ನು ಬಹಳ ವರ್ಷ ತಿದ್ದಿದವನು ನಾನು. ‘ಭಾರಿ ಜನಸ್ತೋಮ’ ಎಂದು ಯಾರಾದರೂ ಬರೆದು ಕಳಿಸಿದರೆ, ಎಣಿಸಿದವರು ಯಾರೆಂದು ಕೇಳುತ್ತಿದ್ದೆ. “ಸರ್, ಬಿಸಲು ಐತಿ ಅಂತ ಬರಿಯಾಕೂ ಇಬ್ರು ಸಾಕ್ಷಿ ಬೇಕೇನ್ರಿ?” ಎಂದು ಸಿಂದಗಿಯ ವರದಿಗಾರರೊಬ್ಬರು ಒಮ್ಮೆ ರೇಗಿದ್ದರು. ಬೇಕು ಎಂದಿದ್ದೆ. ನಿವೃತ್ತನಾದ ಮೇಲೆ ಈ ಚಾಳಿ ಮನೆಯಲ್ಲಿ ಮುಂದುವರಿಯಿತು. ಹಾಲು ಒಡೆದಿದೆ ಎಂದರೂ ಯಾವಾಗ, ಯಾರ ಎದುರಿಗೆ ಎನ್ನುತ್ತಿದ್ದೆ. ಹೀಗಾಗಿ ಸ್ವಯಂಸೇವಾ ಸಂಸ್ಥೆಯೊಂದು ಮೂರು ತಿಂಗಳ ಮಟ್ಟಿಗೆ ಆಫ್ರಿಕಾಕ್ಕೆ ಬನ್ನಿ ಎಂದಾಗ ನನಗಿಂತ ಮೊದಲು ಒಪ್ಪಿದವಳು ಸುಧಾ.

ಅಲ್ಲಿ ನನ್ನ ಕೆಲಸ, ಮಕ್ಕಳಿಗೆ ಗೋಡೆಪತ್ರಿಕೆ ಮಾಡಲು ಕಲಿಸುವುದು. ಇಬ್ಬರು ಸಾಕ್ಷಿಗಳಿಲ್ಲದೆ ಏನನ್ನೂ ಬರೆಯಬೇಡಿ ಎಂದು ಮೊದಲ ದಿನವೇ ಹೇಳಿದೆ. ಬರೆದುಕೊಂಡರು. ಅಷ್ಟೇ. ಒಂದು ತಿಂಗಳು ಎದ್ದು ನಿಂತು ನಮಸ್ಕಾರ ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಮಧ್ಯಾಹ್ನ ಅವರು ಬೇವಿನ ಮರದ ಕೆಳಗೆ ಗುಂಪಾಗಿ ಉಣ್ಣುತ್ತಿದ್ದರು, ನಾನು ಜಗಲಿಯ ಮೇಲೆ ಒಬ್ಬನೇ. ಕಾರಣವನ್ನು ಗೋಡೆಪತ್ರಿಕೆಯ ವಿದ್ಯಾರ್ಥಿ ಸಂಪಾದಕಿ ನೀಮಾ ನೇರವಾಗಿ ಹೇಳಿದಳು: “ಹಿಂದೆ ಬಂದವರೆಲ್ಲ ಹೋಗುವಾಗ ಪತ್ರ ಬರೆಯುತ್ತೇವೆ ಅಂದಿದ್ದರು. ಒಬ್ಬರೂ ಬರೆಯಲಿಲ್ಲ. ಅದಕ್ಕೇ ಈಗ ನಾವು ಗೆಳೆತನ ಮಾಡುವುದಿಲ್ಲ.”

ಒಂದು ದಿನ ಬರಾಕಾ ಎಂಬ ಹುಡುಗ ತಮ್ಮ ಹೊಲದಿಂದ ಜೋಳದ ತೆನೆ ತಂದಿದ್ದ. ಅಷ್ಟು ದೂರದಲ್ಲಿ ಜೋಳ ಕಂಡು ನನ್ನ ಎದೆ ತುಂಬಿ ಬಂತು. ಇದರ ರೊಟ್ಟಿಯನ್ನು ನಾನು ಕಾಗದದಷ್ಟು ತೆಳ್ಳಗೆ ತಟ್ಟುತ್ತೇನೆ ಎಂದುಬಿಟ್ಟೆ. ನಮ್ಮ ಕಡೆ ರೊಟ್ಟಿಯ ಬಗ್ಗೆ ಗಂಡಸರು ಮಾತಾಡುತ್ತಾರೆ, ಹೆಂಗಸರು ತಟ್ಟುತ್ತಾರೆ. ಮಾತಾಡಿ ಮಾತಾಡಿ, ತಟ್ಟಿದ್ದೂ ನಾವೇ ಎಂಬ ಭ್ರಮೆ ನಮಗೆ ಹುಟ್ಟಿರುತ್ತದೆ. “ಗಂಡಸರಾಗಿ ನೀವು?” ಎಂದ ಬರಾಕಾ, ಸರಿದು ಜಾಗ ಮಾಡಿಕೊಟ್ಟ. ಮುಂದಿನ ಹತ್ತು ದಿನ ನಾನು ಬೇವಿನ ಮರದ ಕೆಳಗೆ ಉಂಡೆ. ಅವರು ನನ್ನಿಂದ ‘ಹೌದ್ರಿ’, ‘ಇಲ್ರಿ’ ಕಲಿತು ಎಲ್ಲದಕ್ಕೂ ಅದನ್ನೇ ಹೇಳಿ ನಕ್ಕರು.

ಹನ್ನೊಂದನೆಯ ದಿನವೇ ಆ ಶನಿವಾರ. ಬರಾಕಾ ತಾಯಿಯಿಂದ ಬೀಸಿಸಿದ ಹಿಟ್ಟಿನ ಚೀಲದೊಂದಿಗೆ ಬಂದ. ನೀಮಾ ನನ್ನ ಪರಿಚಯ ಲೇಖನಕ್ಕೆಂದು ನೋಟ್‌ಬುಕ್ ತೆರೆದು, “ಸರ್, ರೊಟ್ಟಿಗೆ ಮೊದಲ ಸಾಕ್ಷಿ ನೀವು. ಎರಡನೆಯವರು?” ಎಂದಳು. ಸುಧಾಳ ನಂಬರು ಕೊಡದೆ ವಿಧಿಯಿರಲಿಲ್ಲ.

ಇಂಡಿಯಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಸುಧಾ ಫೋನನ್ನು ಡಬ್ಬಿಗೆ ಆನಿಸಿಟ್ಟು ರೊಟ್ಟಿಯನ್ನೇ ತಟ್ಟುತ್ತಿದ್ದಳು. ನೀಮಾಳ ಪ್ರಶ್ನೆಯನ್ನು ಕನ್ನಡಕ್ಕೆ ತಂದೆ. ಸುಧಾಳ ಕೈ ನಿಂತಿತು.

“ಏನಂದ್ರಿ? ನೀವು ರೊಟ್ಟಿ ತಟ್ತೀರಾ? ಹಂಚು ಎಲ್ಲಿ ಇಡ್ತೇನಿ ಅಂತ ಹೇಳ್ರಿ ನೋಡೂಣು! ರೊಟ್ಟಿ ತಣ್ಣಗಾಗ್ಯಾವ ಅಂತ ಹೇಳಾಕಷ್ಟ ಅಡಗಿಮನಿ ಬಾಗಲಾಕ ಬಂದೀರಿ ನೀವು.”

ಆಕೆ ನಕ್ಕದ್ದು ಕಂಡು ಹುಡುಗರೂ ನಕ್ಕರು. “ಏನು ಹೇಳಿದರು?” ಎಂದಳು ನೀಮಾ. ಪೆನ್ನು ಕಾಗದದ ಮೇಲಿತ್ತು. ‘ಹೌದು, ತೆಳ್ಳಗೆ ತಟ್ಟುತ್ತಾರಂತೆ’ ಎಂದರೆ ಮುಗಿಯುತ್ತಿತ್ತು. ಅಲ್ಲಿ ಕನ್ನಡ ಬಲ್ಲವರು ನಾನೊಬ್ಬನೇ. ನಿಜ ಹೇಳಿದರೆ ನಾಳೆಯಿಂದ ಮತ್ತೆ ಜಗಲಿ. ನನ್ನ ಮುಖ ಓದಿದ ಸುಧಾ ಮೆಲ್ಲಗೆ, “ಸುಳ್ಳ ಹೇಳಬ್ಯಾಡ್ರಿ. ಪಾಪ, ಹುಡುಗ್ರು ಬರ್ಕೊಳ್ಳಾಕತ್ತಾರ,” ಎಂದಳು.

ತಣ್ಣಗಿನ ರೊಟ್ಟಿಯ ಸಮೇತ ಎಲ್ಲವನ್ನೂ ಅನುವಾದಿಸಿದೆ.

ಯಾರೂ ನಗಲಿಲ್ಲ. ಬರಾಕಾ ಚೀಲವನ್ನು ನೆಲಕ್ಕಿಟ್ಟ. “ಅಮ್ಮ ಬೆಳಿಗ್ಗೆ ಎದ್ದು ಬೀಸಿಕೊಟ್ಟಳು,” ಎಂದ. ನೀಮಾ ಪೆನ್ನಿಗೆ ಮುಚ್ಚಳ ಹಾಕಿದಳು. “ಮೊದಲ ಸಾಕ್ಷಿಯನ್ನು ನಂಬುವಂತಿಲ್ಲ,” ಎಂದಳು. ನಾನು ಕಲಿಸಿದ ವಾಕ್ಯವೇ.

ಫೋನಿನಿಂದ ಸುಧಾ ಕೇಳಿದಳು, “ಯಾಕ ಎಲ್ಲಾರೂ ಸುಮ್ನಾದ್ರಿ? ಆ ಚೀಲದಾಗೇನೈತಿ? ಜ್ವಾಳದ ಹಿಟ್ಟಾ? ಮತ್ತ್ಯಾಕ ನಿಂತೀರಿ? ನೀರು ಕುದಿಯಾಕ ಇಡಂತ ಹೇಳ್ರಿ.”

ಹೇಳಿದೆ. ಹುಡುಗರು ನನ್ನನ್ನಲ್ಲ, ಫೋನನ್ನು ನೋಡಿದರು. ಬಳಿಕ ಬರಾಕಾ ಚೀಲ ಎತ್ತಿಕೊಂಡು ಶಾಲೆಯ ಅಡುಗೆಮನೆಗೆ ನಡೆದ. ಅಲ್ಲಿ ಚಪಾತಿ ಹಂಚು ಇತ್ತು. ಸುಧಾ ಹೇಳಿದಳು, ನಾನು ಅನುವಾದಿಸಿದೆ, ಅವರು ನಾದಿದರು. ನನ್ನ ಕೈಗೂ ಒಂದು ಉಂಡೆ ಕೊಟ್ಟರು. ಅದು ಮೂರು ಕಡೆ ಹರಿಯಿತು. “ಅದು ರೊಟ್ಟಿ ಅಲ್ರಿ, ಮುದ್ದೇಬಿಹಾಳ ತಾಲೂಕಿನ ನಕಾಶಿ!” ಎಂದಳು ಸುಧಾ. ಇದನ್ನೂ ಅನುವಾದಿಸಬೇಕಾಯಿತು. ಮೊದಲು ನಕ್ಕವಳು ನೀಮಾ. ಆಕೆಯ ರೊಟ್ಟಿ ದುಂಡಗೆ ಬಂತು. “ಶಾಬಾಸ್, ನನ್ನವ್ವ!” ಎಂದ ಸುಧಾಳ ಮಾತಿಗೆ ಅನುವಾದವೇ ಬೇಕಾಗಲಿಲ್ಲ.

ಸೋಮವಾರದ ಗೋಡೆಪತ್ರಿಕೆಯಲ್ಲಿ ಪರಿಚಯ ಲೇಖನ ಬರಲಿಲ್ಲ. ಅದರ ಜಾಗದಲ್ಲಿ ‘ತಿದ್ದುಪಡಿ’ ಎಂಬ ತಲೆಬರಹದ ಕೆಳಗೆ ನನ್ನ ರೊಟ್ಟಿಯ ಕುರಿತು ನಾಲ್ಕು ಸಾಲು ಇದ್ದವು. ತೆಗೆಯಬಹುದಾದ ಒಂದು ಪದವೂ ಅದರಲ್ಲಿರಲಿಲ್ಲ. ಆ ಮಧ್ಯಾಹ್ನ ಬೇವಿನ ಮರದ ಕೆಳಗೆ ನನ್ನ ಜಾಗ ಹಾಗೇ ಇತ್ತು.

ನಾನು ಇಂಡಿಗೆ ಮರಳಿ ಐದು ತಿಂಗಳಾಯಿತು. ವಾರಕ್ಕೊಂದು ಪತ್ರ ಬರೆಯುತ್ತಿದ್ದೇನೆ. ಕಳೆದ ಭಾನುವಾರ ನೀಮಾಳಿಗೆ ಕಳಿಸಿದ ಸಂದೇಶದಲ್ಲಿ, ಈಗ ನಾನು ನಿಜವಾಗಿಯೂ ರೊಟ್ಟಿ ತಟ್ಟಲು ಕಲಿತಿದ್ದೇನೆ ಎಂದು ತಿಳಿಸಿದೆ. ಎರಡು ನಿಮಿಷದಲ್ಲಿ ಅಡುಗೆಮನೆಯಲ್ಲಿ ಸುಧಾಳ ಫೋನು ರಿಂಗಾಯಿತು.

“ಅಕ್ಕಾರ, ಸರ್ ರೊಟ್ಟಿ? ಹೌದ್ರಿ? ಇಲ್ರಿ?”