ಫೇಲು ಕಾಯುವ ಕೆಲಸ

ನಮ್ಮ ಭಾವ ಹೊಸ ಸೈಕಲ್ ಕೊಂಡ ದಿನ ಅದನ್ನು ತುಳಿದುಕೊಂಡೂ ಬರಲಿಲ್ಲ, ತಳ್ಳಿಕೊಂಡೂ ಬರಲಿಲ್ಲ. ಎರಡು ಗೋಣಿಚೀಲದಲ್ಲಿ ತಂದರು. ಶಿವಮೊಗ್ಗದ ಅಂಗಡಿಯ ಮುಂದೆಯೇ ಕೂತು ಪೂರ್ತಿ ಬಿಚ್ಚಿ, ಚೀಲಕ್ಕೆ ತುಂಬಿ, ಭದ್ರಾವತಿ ಬಸ್ಸು ಹತ್ತಿದ್ದರು. ಕಂಡಕ್ಟರು ಸೈಕಲ್ಲಿಗೆ ಲಗೇಜು ಕೇಳಿದರೆ, "ಇದು ಸೈಕಲ್ ಅಲ್ಲ ಸ್ವಾಮಿ, ಇನ್ನು ಆಗಬೇಕು" ಎಂದರಂತೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿ ಕಾಗದನಗರದ ಪೇಪರ್ ಮಿಲ್ಲಿನಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿ ಗೇಜು, ಮೀಟರು ರಿಪೇರಿ ಮಾಡುತ್ತಿದ್ದವರು. ಸಿದ್ಧವಾಗಿ ಸಿಗುವ ಯಾವುದರ ಮೇಲೂ ಅವರಿಗೆ ನಂಬಿಕೆಯಿಲ್ಲ. ಮೂಲದಿಂದ ಶುರುವಾಗಬೇಕು, ಕಣ್ಣೆದುರಿಗೇ ಆಗಬೇಕು. ಹೆಣ್ಣು ನೋಡಲು ಬಂದಾಗ ಹೆಣ್ಣಿನ ಹೆಸರು ಕೇಳಲಿಲ್ಲ. ಕೇಸರಿಬಾತಿನ ತಟ್ಟೆ ಹಿಡಿದು, "ರವೆಗೆ ನೀರು ಹಾಕಿದ್ರೋ, ನೀರಿಗೆ ರವೆ ಹಾಕಿದ್ರೋ?" ಎಂದು ಕೇಳಿದರು. "ಅವರು ಒಪ್ಪಿದ್ದು ಕೇಸರಿಬಾತನ್ನ ಕಣೋ. ಜೊತೇಲಿ ನಾನೂ ಹೋದೆ" ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಅವರು ನಿವೃತ್ತರಾದ ಮೇಲೆ ಕಣ್ಣು ಕೈಕೊಡತೊಡಗಿತು. ಶಿವಮೊಗ್ಗದ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಅಂಚಿನಿಂದ ನೋಟ ಕಿರಿದಾಗುತ್ತದಂತೆ, ಹೋದದ್ದು ಮತ್ತೆ ಬರುವುದಿಲ್ಲವಂತೆ. ಭಾವ ಮನೆಗೆ ಬಂದು ಅಕ್ಕನಿಗೆ ಹೇಳಿದ್ದು ಇಷ್ಟೇ: "ಪ್ರೆಶರ್ ಗೇಜ್ ಕೆಟ್ಟಿದೆ. ಬಿಚ್ಚಿ ನೋಡ್ತೀನಿ ಅಂದ್ರೆ ಡಾಕ್ಟ್ರು ಒಪ್ತಿಲ್ಲ."

ಅದೇ ವಾರ ಅವರು ಒಂದು ಹಳೆಯ ಕಂಪ್ಯೂಟರ್ ಕೊಂಡರು. ಅದರಲ್ಲಿ ಎಲ್ಲ ಹಾಕಿಕೊಡುತ್ತೇನೆ ಎಂದ ಅಂಗಡಿಯವನನ್ನು ಬೈದು, ಖಾಲಿಯೇ ತಂದರು. ಆಪರೇಟಿಂಗ್ ಸಿಸ್ಟಮ್ ಎಂದರೆ ಕಂಪ್ಯೂಟರಿಗೆ ಜೀವ ಇದ್ದ ಹಾಗೆ ಎಂದು ನನಗೆ ಗೊತ್ತಾದದ್ದೇ ಆಗ. ಲಿನಕ್ಸ್ ಎಂಬುದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅದರಿಂದ ಒಂದೊಂದೇ ಭಾಗ ಕಟ್ಟಿಕೊಳ್ಳಬಹುದು ಎಂದು ಭಾವನಿಗೆ ಯಾರೋ ಹೇಳಿದ್ದರು. ಹೇಳಿದವರಿಗೆ ಅವರ ಪರಿಚಯ ಸಾಲದು! ಮರುದಿನವೇ ಬುತ್ತಿ ಕಟ್ಟಿಕೊಂಡು ಶಂಕರಘಟ್ಟದ ಬಸ್ಸು ಹತ್ತಿದರು. ಅಲ್ಲಿನ ವಿಶ್ವವಿದ್ಯಾಲಯದ ಮೇಷ್ಟರೊಬ್ಬರಿಂದ ಮೂಲ ಬರಹದ ಸೀಡಿಗಳನ್ನೂ, ಕಟ್ಟುವ ಕ್ರಮದ ದಪ್ಪನೆಯ ಪ್ರಿಂಟನ್ನೂ ತಂದರು.

"ಯಾಕೆ ಭಾವ ಈ ಉಸಾಬರಿ?" ಎಂದೆ, ಅವರನ್ನು ನೋಡಲು ಹೋದಾಗ.

"ಮೂವತ್ತು ವರ್ಷ ಬೇರೆಯವರ ಯಂತ್ರ ರಿಪೇರಿ ಮಾಡಿದೀನಿ ಮಾರಾಯ. ಒಂದನ್ನೂ ತಳದಿಂದ ತುದಿವರೆಗೆ ನೋಡಿಲ್ಲ. ಕಣ್ಣು ಇರೋದ್ರೊಳಗೆ ಒಂದನ್ನ ನೋಡಿಬಿಡ್ತೀನಿ."

 

ಕಟ್ಟುವ ಕೆಲಸಕ್ಕೆ ಕಂಪೈಲರ್ ಎಂಬ ಸಲಕರಣೆ ಬೇಕು. ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಅದೇ. ಆದರೆ ಮೊದಲು ಆ ಕಂಪೈಲರನ್ನೇ ಕಟ್ಟಿಕೊಳ್ಳಬೇಕು. ಯಾವುದರಿಂದ? ಸೀಡಿಯಲ್ಲಿ ಬಂದ ಇನ್ನೊಂದು ಕಂಪೈಲರಿನಿಂದ. ಇದನ್ನು ಕೇಳಿ ನನ್ನ ತಲೆ ತಿರುಗಿತು. ಅಕ್ಕ ಸೊಪ್ಪು ಬಿಡಿಸುತ್ತಾ, "ಅದರಲ್ಲೇನು? ಹೆಪ್ಪು ಹಾಕೋಕೆ ಮೊಸರು ಬೇಕು, ಮೊಸರಾಗೋಕೆ ಹೆಪ್ಪು ಬೇಕು. ಹೆಪ್ಪು ಕೆಟ್ಟಿದ್ರೆ ಮೊಸರೂ ಕೆಟ್ಟಿತು" ಎಂದಳು. ಭಾವ ಆ ಮಾತನ್ನು ಬರೆದುಕೊಂಡರು. ಪ್ರಿಂಟಿನ ಇನ್ನೂರು ಪುಟದಲ್ಲೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ ಎಂದರು.

ಅವರ ಮನೆ ಕಾರ್ಖಾನೆಯಾಯಿತು. ಶಿಫ್ಟು ಬಂತು, ಲಾಗ್ ಬುಕ್ ಬಂತು, ಕರೆಂಟು ಹೋದರೆ ಓಡಿ ಕಂಪ್ಯೂಟರನ್ನು ಬ್ಯಾಟರಿಗೆ ಹಾಕುವ ಕೆಲಸ ಅಕ್ಕನ ಪಾಲಿಗೆ ಬಂತು. ಕಟ್ಟಿದ ಕಂಪೈಲರಿಗೆ ಪರೀಕ್ಷೆಯೂ ಇತ್ತು. ಪರದೆಯ ಮೇಲೆ ಗಂಟೆಗಟ್ಟಲೆ ಸಾಲುಗಳು ಓಡುತ್ತವೆ. ನಡುವೆ ಎಲ್ಲಾದರೂ ಫೇಲ್ ಎಂದು ಬಂದರೆ ಎಣಿಸಿ, ಗಂಟೆಗೊಮ್ಮೆ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಒಂದೆರಡು ಬಂದರೆ ಚಿಂತೆಯಿಲ್ಲ, ಪುಟಗಟ್ಟಲೆ ಬಂದರೆ ಅಲ್ಲೇ ನಿಲ್ಲಿಸಬೇಕು. ಓಡುವ ಸಾಲು ಭಾವನ ಕಣ್ಣಿಗೆ ಸಿಗುತ್ತಿರಲಿಲ್ಲ. ಕೆಲಸ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಶಿವಮೊಗ್ಗದಿಂದ ಕರೆಸಿದರು.

"ನನಗೆ ಇಂಗ್ಲಿಷ್ ಎಲ್ಲಿ ಬರುತ್ತೆ ಭಾವ? ನಾನು ಎಸ್ಸೆಸ್ಸೆಲ್ಸಿ."

"ಪಾಸು ಫೇಲು ಗೊತ್ತಲ್ಲ? ನೀನು ಎರಡನ್ನೂ ನೋಡಿದೀಯ."

ಎರಡನೆಯ ಪ್ರಯತ್ನದಲ್ಲಿ ಪಾಸಾದವನು ನಾನು. ಹೋಗಿ ಕುರ್ಚಿ ಹಿಡಿದೆ.

ಇಷ್ಟು ಹೊತ್ತು ಭಾವನ ವಿಚಾರ ಹೇಳಿ ನಗಿಸಿದೆ. ಈಗ ನನ್ನ ವಿಚಾರ. ನಾನು ಇಪ್ಪತ್ತಾರು ವರ್ಷ ಒಂದು ಸಣ್ಣ ಖಾಸಗಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡವನು. ಗಂಟೆಗೊಮ್ಮೆ ಒತ್ತಡ ನೋಡಿ ಬರೆಯಬೇಕು. ನಾನು ಶಿಫ್ಟಿಗೆ ಬಂದ ಮೊದಲ ಅರ್ಧ ಗಂಟೆಯಲ್ಲೇ ಎಂಟೂ ಗಂಟೆಗಳ ಅಂಕಿ ಬರೆದು ಮುಗಿಸುತ್ತಿದ್ದೆ. ಅದಕ್ಕೂ ಒಂದು ಕಲೆ ಬೇಕು. ಎಲ್ಲ ಕಡೆ ಒಂದೇ ಅಂಕಿ ಬರೆದರೆ ಮೇಲಿನವರಿಗೆ ಅನುಮಾನ. ನಡುವೆ ಸ್ವಲ್ಪ ಏರಿಸಬೇಕು, ಸ್ವಲ್ಪ ಇಳಿಸಬೇಕು, ಒಮ್ಮೆ ಪೆನ್ನು ಬದಲಾಯಿಸಬೇಕು.

ಭಾವನ ಲಾಗ್ ಬುಕ್ಕಿನಲ್ಲೂ ಕೈ ತಾನಾಗಿ ಓಡಿತು. ಹತ್ತು ಗಂಟೆಗೆ ಸೊನ್ನೆ, ಹನ್ನೊಂದಕ್ಕೆ ಸೊನ್ನೆ, ಹನ್ನೆರಡಕ್ಕೆ ಒಂದು, ಆಮೇಲೆ ಮತ್ತೆ ಸೊನ್ನೆ. ಬರೆದು ಮುಗಿಸಿ ಹಜಾರದ ಮಂಚದಲ್ಲಿ ಮಲಗಿದೆ. ಅಕ್ಕ ಎಬ್ಬಿಸಿ ಊಟಕ್ಕೆ ಹಾಕಿದಳು. ಭಾವ ಪುಸ್ತಕ ಕಣ್ಣಿಗೆ ಹತ್ತಿರ ಹಿಡಿದು ಓದಿ, "ಒಂದೇ ಫೇಲು. ಭೇಷ್" ಎಂದರು.

ಆ ಹೆಪ್ಪಿನಿಂದ ಎರಡು ತಿಂಗಳು ಒಂದರ ಮೇಲೊಂದು ಕಟ್ಟುತ್ತಾ ಹೋದರು. ಪ್ರತಿ ಆದೇಶವನ್ನೂ ಭೂತಗನ್ನಡಿ ಹಿಡಿದು ಅಕ್ಷರಕ್ಷರವಾಗಿ ಒತ್ತಿದರು. ಕೊನೆಗೆ ಕಟ್ಟಿದ ಸಿಸ್ಟಮ್ಮನ್ನು ಶುರುಮಾಡುವ ದಿನ ಅಕ್ಕ ಪಾಯಸ ಮಾಡಿದಳು. ಯಂತ್ರ ನಾಲ್ಕು ಸಾಲು ತೋರಿಸಿ ಸತ್ತಿತು. ಮತ್ತೆ ಶುರುಮಾಡಿದರೆ ಮತ್ತೆ ಸತ್ತಿತು. ಪಾಯಸವನ್ನು ತಣ್ಣಗಾದ ಮೇಲೆ ತಿಂದೆವು.

ಮಾರನೆಯ ದಿನ ಭಾವ ಲಾಗ್ ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. "ನಿನ್ನ ಕೆಲಸ ಸರಿ ಇದೆ. ನನ್ನ ಕಣ್ಣೇ ಎಲ್ಲೋ ಅಕ್ಷರ ತಪ್ಪಿಸಿದೆ. ಮೊದಲಿಂದ ಮಾಡಣ" ಎಂದರು. ಅವತ್ತು ಹೇಳಬಹುದಿತ್ತು. ನಾನು ಹೇಳಲಿಲ್ಲ.

ಎರಡನೆಯ ಸಲ ಕುರ್ಚಿ ಬಿಟ್ಟು ಏಳಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಗಂಟೆಗೊಮ್ಮೆ ನೋಡಿ ಬರೆಯುವ ಮನುಷ್ಯನಾದೆ. ಮೊದಲ ಗಂಟೆ ಕಳೆಯುವ ಮೊದಲೇ ಫೇಲುಗಳು ಬಂದವು. ಒಂದಲ್ಲ, ಎರಡಲ್ಲ, ಸಾಲು ಸಾಲು. ನನ್ನ ಶಾಲೆಯಲ್ಲೂ ಅಷ್ಟು ಜನ ಫೇಲಾಗಿರಲಿಲ್ಲ.

"ಭಾವ, ತುಂಬ ಫೇಲ್ ಬರ್ತಿದೆ."

"ಹೋದ ಸಲ ಬರ್ಲಿಲ್ವಲ್ಲ?"

"ಹೋದ ಸಲ ನಾನು ನೋಡ್ಲಿಲ್ಲ ಭಾವ. ಸುಮ್ನೆ ಬರ್ದೆ. ಬರ್ದು ಮಲಗಿದ್ದೆ."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಪ್ರಯೋಜನವಿಲ್ಲದ ಕನ್ನಡಕ ಅದು.

"ಬಾಯ್ಲರೂ ಹಿಂಗೇನಾ?"

"ಹೂಂ."

"ಎಷ್ಟು ವರ್ಷ?"

"ಇಪ್ಪತ್ತಾರು."

"ಆ ಬಾಯ್ಲರ್ ಮಾಡಿದವನು ಪುಣ್ಯವಂತ ಮಾರಾಯ. ನಿಮ್ಮನ್ನೆಲ್ಲ ಉಳಿಸಿದಾನೆ."

ನಾನು ನಗಬೇಕೋ ಬೇಡವೋ ಎಂದು ನಿಂತಿದ್ದೆ. ಆಗ ಅವರು ಮೆಲ್ಲಗೆ, "ಆ ಎರಡು ತಿಂಗಳು ನನಗೆ ಒಂದು ಸಾಲು ಪೂರ್ತಿ ಕಾಣ್ತಿತ್ತು" ಎಂದರು. ಈಗ ಅವರಿಗೆ ಒಂದು ಸಲಕ್ಕೆ ಒಂದು ಪದ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಕೇಳಿಸಿಕೊಂಡಿದ್ದಳು. ಒಂದು ವಾರ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಭಾವ ಮಾತ್ರ ಆಗಲೇ ಕನ್ನಡಕ ಹಾಕಿಕೊಂಡು, "ಹೋಗು, ಕೂತ್ಕೋ. ಯಾವ್ಯಾವುದು ಫೇಲಾಗಿದೆ ಓದು" ಎಂದರು. ನಾನು ಅಕ್ಷರ ಕೂಡಿಸಿ ಓದಿದೆ. ಅವರು ಕಿವಿಯಲ್ಲೇ ಹುಡುಕಿದರು. ಶುರುವಿನಲ್ಲೇ ಮೂಲ ಬರಹಕ್ಕೆ ಹಾಕಬೇಕಿದ್ದ ಒಂದು ತಿದ್ದುಪಡಿ ಬಿಟ್ಟುಹೋಗಿತ್ತು. ಅದನ್ನು ಹಾಕಿ ಮತ್ತೆ ಮೊದಲಿನಿಂದ ಕಟ್ಟಿದೆವು. ಈ ಸಲ ನಾನು ಒತ್ತುವುದು, ಅವರು ಹೇಳುವುದು. ಮೂರು ತಿಂಗಳಾಯಿತು. ಅಷ್ಟರಲ್ಲಿ ಅವರಿಗೆ ಕಿಟಕಿ ಯಾವ ಕಡೆ ಇದೆ ಎಂಬಷ್ಟೇ ತಿಳಿಯುತ್ತಿತ್ತು.

ಶುರುಮಾಡಿದ ದಿನ ಬೆಳಿಗ್ಗೆ ಪಾಯಸ ಇರಲಿಲ್ಲ. ಅಕ್ಕ ನಲ್ಲಿ ನೀರು ಹಿಡಿಯುತ್ತಿದ್ದಳು. ಸಾಲುಗಳು ಬಂದವು. ನಾನು ಒಂದೊಂದನ್ನೂ ಓದಿದೆ, ತಪ್ಪುತಪ್ಪಾಗಿಯೇ. ಭಾವ ಪ್ರತಿಯೊಂದಕ್ಕೂ ತಲೆಯಾಡಿಸಿ, "ಹೌದು, ಅದು ಅಲ್ಲೇ ಬರಬೇಕು" ಎನ್ನುತ್ತಿದ್ದರು. ಕೊನೆಗೆ ಸಾಲುಗಳು ನಿಂತವು.

"ಸತ್ತಿತಾ?"

"ಇಲ್ಲ ಭಾವ. ಒಳಗೆ ಬಿಡೋಕೆ ಹೆಸರು ಕೇಳ್ತಿದೆ. ಪಕ್ಕದಲ್ಲಿ ಒಂದು ಸಣ್ಣ ಗೆರೆ ಮಿಣುಕ್ತಿದೆ."

ಅವರು ಪರದೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಇದ್ದದ್ದು ನಾನು ಹೇಳಿದ ಮಾತು ಒಂದೇ. ಇದು ನನಗೆ ಹೊಳೆದದ್ದು ಆಗ.

"ಅಕ್ಕನ್ನ ಕರೀತೀನಿ ಭಾವ. ಅವಳೂ ನೋಡಿ ಹೇಳಲಿ" ಎಂದೆ.

"ಯಾಕೆ?" ಎಂದರು ಅವರು. "ನೀನು ನೋಡಿದ್ಯಲ್ಲ."